ಇಳಿಯದೆ ಮೇಲೇರಿದವನ ಕಥೆ

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ವಿಮಾನದಲ್ಲಿ ನಾನಿದ್ದೆ. ಹೊರಗೆ ಜೋರು ಮಳೆ. ಚಕ್ರಗಳು ಕೆಳಗಿಳಿದ ಸದ್ದು ಕೇಳಿಸಿತ್ತು. ಮೋಡದ ಸಂದಿಯಲ್ಲಿ ತೆಂಗಿನ ಮರಗಳ ತಲೆ, ಕೆಂಪು ಮಣ್ಣಿನ ಗುಡ್ಡ ಕಾಣತೊಡಗಿದ್ದವು. ಇನ್ನೇನು ನೆಲ ಮುಟ್ಟಿತು ಅನ್ನುವಾಗ ಎಂಜಿನ್‌ಗಳು ಒಮ್ಮೆಲೇ ಅಬ್ಬರಿಸಿದವು. ಮೂತಿ ಮೇಲೆತ್ತಿದ ವಿಮಾನ ಮತ್ತೆ ಮೋಡದೊಳಗೆ ಹೋಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪಕ್ಕದ ಸೀಟಿನವರು ನನ್ನ ಕಡೆ ತಿರುಗಿ, "ಎಂತ ಮಾರಾಯ್ರೆ ಇದು, ಇಳಿಸ್ಲಿಕ್ಕೆ ಗೊತ್ತಿಲ್ವಾ ಇವ್ರಿಗೆ?" ಅಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇಪ್ಪತ್ತು ನಿಮಿಷದ ನಂತರ ವಿಮಾನ ಇನ್ನೊಮ್ಮೆ ಬಂದು, ಧಡ್ ಎಂದು ಇಳಿದು ನಿಂತಾಗ ಮೂರ್ನಾಲ್ಕು ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಆ ಚಪ್ಪಾಳೆ ನನ್ನನ್ನು ಬಹಳ ದಿನ ಕಾಡಿತು. ನಾವು ಚಪ್ಪಾಳೆ ಹೊಡೆದದ್ದು ಇಳಿದದ್ದಕ್ಕೆ. ಆದರೆ ಆ ಬೆಳಿಗ್ಗೆ ನಮ್ಮನ್ನು ನಿಜವಾಗಿ ಕಾಪಾಡಿದ್ದು ಮೊದಲ ಸಲ ಇಳಿಯದೆ ಮೇಲೇರಿದ ನಿರ್ಧಾರವಿರಬಹುದು. ಅದಕ್ಕೆ ಸಿಕ್ಕಿದ್ದು ಗೊಣಗಾಟ ಮತ್ತು ನಗು. ನಾನು ಪಾಠ ಹೇಳುವುದು ಹಳಗನ್ನಡ. ವಿಮಾನದ ವಿಷಯದಲ್ಲಿ ಎಲ್ಲರಂತೆ ಬರೀ ಪ್ರಯಾಣಿಕ. ಆದರೆ ಯಾವುದಕ್ಕೆ ಚಪ್ಪಾಳೆ, ಯಾವುದಕ್ಕೆ ನಗು ಎಂಬುದು ಸಾಹಿತ್ಯದ ಪ್ರಶ್ನೆ. ಕಥೆಗಳೇ ನಮಗೆ ಇದನ್ನು ಕಲಿಸಿರುವುದು. ಆದ್ದರಿಂದ ಈ ಸಲ ವಿಮಾನ ಇಳಿಯುವ ಬರಹಗಳನ್ನು ಓದೋಣ ಅನ್ನಿಸಿತು: ಒಂದು ತನಿಖಾ ವರದಿ, ಒಂದು ಫ್ರೆಂಚ್ ಕಾದಂಬರಿ, ಒಂದೆರಡು ಸಿನಿಮಾ. ಅವುಗಳ ನಡುವೆ, ನನ್ನ ಮಟ್ಟಿಗೆ ತಪ್ಪಿಸಿಕೊಳ್ಳಲಾಗದಂತೆ, ರನ್ನನ 'ಗದಾಯುದ್ಧ'.

ಮೊದಲು ಜಾಗದ ವಿಚಾರ. ಬಜ್ಪೆಯ ವಿಮಾನ ನಿಲ್ದಾಣ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಇಂಥದ್ದನ್ನು 'ಟೇಬಲ್‌ಟಾಪ್' ರನ್‌ವೇ ಎನ್ನುತ್ತಾರೆ. ಮೇಜಿನ ಅಂಚಿನಂತೆ ರನ್‌ವೇ ಮುಗಿದಲ್ಲಿ ನೆಲವೂ ಮುಗಿದು ಕಣಿವೆ ಶುರುವಾಗುತ್ತದೆ. 1951ರಲ್ಲಿ ಆರಂಭವಾದ ಹಳೆಯ ರನ್‌ವೇ ತೀರ ಗಿಡ್ಡದ್ದು. 1981ರಲ್ಲಿ ಅದರ ಮೇಲೆ ಇಳಿದ ಒಂದು ವಿಮಾನ ನಿಲ್ಲಲಾಗದೆ ಅಂಚು ದಾಟಿ ಹೋಗಿತ್ತು, ಯಾರೂ ಸಾಯಲಿಲ್ಲ. 2006ರಲ್ಲಿ ಬಂದ ಹೊಸ ರನ್‌ವೇ ಸುಮಾರು 8,000 ಅಡಿ ಉದ್ದ. ಇದು ಗಿಡ್ಡವೇನಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ವೇಗದಲ್ಲಿ ಇಳಿದ ವಿಮಾನಕ್ಕೆ ಸಾಕಾಗಿ ಮಿಗುತ್ತದೆ. ಆದರೆ ಇಲ್ಲಿ ತಪ್ಪು ತಿದ್ದಿಕೊಳ್ಳಲು ಹೆಚ್ಚುವರಿ ನೆಲವಿಲ್ಲ. ಬಯಲುಸೀಮೆಯ ನಿಲ್ದಾಣದಲ್ಲಿ ಹೊಲಕ್ಕೆ ನುಗ್ಗಿ ನಿಲ್ಲಬಹುದಾದ ವಿಮಾನ ಇಲ್ಲಿ ಕಣಿವೆಗೆ ಬೀಳುತ್ತದೆ.

ಹೀಗಾಗಿ ಇಂಥ ಕಡೆ ಇಳಿಯುವ ವಿದ್ಯೆಯ ಮುಖ್ಯ ಭಾಗ ಇಳಿಯದಿರುವುದನ್ನು ತಿಳಿದಿರುವುದು. ನೆಲದಿಂದ ಇಂತಿಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಜಾರಿನ ಕೋನ, ರೆಕ್ಕೆಯ ಫ್ಲ್ಯಾಪ್‌ಗಳು, ಚಕ್ರ ಎಲ್ಲವೂ ಒಂದು ಹದಕ್ಕೆ ಬಂದಿರಬೇಕು. ಬಂದಿರದಿದ್ದರೆ ತರ್ಕ, ವಾದ ಏನೂ ಇಲ್ಲ. ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮೇಲೇರಿ, ಸುತ್ತು ಹಾಕಿ ಮತ್ತೆ ಬರಬೇಕು. ಇದಕ್ಕೆ ಅವರ ಭಾಷೆಯಲ್ಲಿ 'ಗೋ-ಅರೌಂಡ್' ಎನ್ನುತ್ತಾರೆ. ಕನ್ನಡದಲ್ಲಿ ಬಳಕೆಯ ಮಾತಿಲ್ಲ. ನಾನು ಸದ್ಯಕ್ಕೆ 'ಮರುಸುತ್ತು' ಎನ್ನುತ್ತೇನೆ. ನಿಯಮದಲ್ಲಿ ಇಷ್ಟು ಸರಳವಾದದ್ದು ಆಚರಣೆಯಲ್ಲಿ ಎಷ್ಟು ಕಷ್ಟ ಎಂಬುದಕ್ಕೆ ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಅಧ್ಯಯನವೊಂದು ಸಾಕ್ಷಿ. ಹದ ತಪ್ಪಿದ ಇಳಿತಗಳಲ್ಲಿ ನೂರಕ್ಕೆ ಸುಮಾರು 97ರಲ್ಲಿ ಪೈಲಟ್‌ಗಳು ಮರುಸುತ್ತು ಹಾಕದೆ ಇಳಿದೇಬಿಡುತ್ತಾರೆ. ಹೆಚ್ಚಿನವು ಏನೂ ಆಗದೆ ಮುಗಿಯುತ್ತವೆ. ಅದೇ ತೊಂದರೆ. ಏನೂ ಆಗದ ಪ್ರತಿಯೊಂದು ಸಲವೂ ಮುಂದಿನ ಸಲಕ್ಕೆ ಧೈರ್ಯ ಕೊಡುತ್ತದೆ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ 158 ಮಂದಿ ಸತ್ತರು. ಎಂಟು ಜನ ಬದುಕಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನಾಂಕವನ್ನು ಹೇಳಿದರೆ ಸಾಕು, ಮುಂದೆ ವಿವರಿಸಬೇಕಾಗಿಲ್ಲ. ಅದರ ಬಗ್ಗೆ ಸರ್ಕಾರ ನೇಮಿಸಿದ ತನಿಖಾ ನ್ಯಾಯಾಲಯದ ವರದಿಯನ್ನು ನಾನು ಓದಿದ್ದು ಬಹಳ ತಡವಾಗಿ, ಆ ಮಳೆಗಾಲದ ಪ್ರಯಾಣದ ನಂತರ.

ವರದಿಗಳನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ಅವು ಹಾಗೆ ಬರೆದವೂ ಅಲ್ಲ. ಗದ್ಯ ಒಣಗಿದ್ದು, ವಾಕ್ಯಗಳು ಕರ್ಮಣಿ ಪ್ರಯೋಗದಲ್ಲಿ ನರಳುತ್ತವೆ. ಆದರೂ ಅದರ ಕೆಲವು ವಿವರಗಳ ಮುಂದೆ ಪುಸ್ತಕ ಮುಚ್ಚಿಟ್ಟು ಕೂರಬೇಕಾಯಿತು. ಕ್ಯಾಪ್ಟನ್ ಪ್ರಯಾಣದಲ್ಲಿ 90 ನಿಮಿಷಕ್ಕೂ ಹೆಚ್ಚು ಹೊತ್ತು ನಿದ್ರಿಸಿದ್ದರು. ಎಚ್ಚರವಾದಾಗ ಇಳಿಯುವ ಹೊತ್ತು ಹತ್ತಿರವಾಗಿತ್ತು. ಎದ್ದ ಮೇಲೂ ಮನಸ್ಸಿಗೆ ಅಂಟಿಕೊಂಡಿರುವ ನಿದ್ದೆಯ ಮಂಪರಿನ ಬಗ್ಗೆ ವರದಿ ವಿವರವಾಗಿ ಬರೆಯುತ್ತದೆ. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು. ಅದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ತಡ. ಕೊನೆಯ ಹಂತಕ್ಕೆ ಬಂದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು. ಅಲ್ಲಿಂದ ಬಹಳ ಕಡಿದಾಗಿ ಇಳಿದು, 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಉಳಿದದ್ದು 2,800 ಅಡಿ.

ಇದರ ನಡುವೆ ಒಂದು ದನಿ ಇದೆ. ಕ್ಯಾಪ್ಟನ್ ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್ ಮೂರು ಸಲ ಮರುಸುತ್ತು ಹಾಕಲು ಹೇಳುತ್ತಾರೆ. ಅದು ಧ್ವನಿಮುದ್ರಿಕೆಯಲ್ಲಿ ದಾಖಲಾಗಿದೆ. ಜತೆಗೆ ಯಂತ್ರವೂ ಮತ್ತೆ ಮತ್ತೆ ಎಚ್ಚರಿಸುತ್ತದೆ. ನೆಲ ಮುಟ್ಟುವ ಹೊತ್ತಿಗೆ, ಇನ್ನು ರನ್‌ವೇ ಉಳಿದಿಲ್ಲ ಎಂಬರ್ಥದ ಮಾತನ್ನೂ ಅವರು ಆಡುತ್ತಾರೆ. ವರದಿ ಇನ್ನೊಂದು ಅಂಕಿಯನ್ನು ಕೊಡುತ್ತದೆ: ಕ್ಯಾಪ್ಟನ್ ಅದಕ್ಕೆ ಮುಂಚೆ ಮಂಗಳೂರಿನಲ್ಲಿ ಇಳಿದದ್ದು 16 ಸಲ, ಸಹ ಪೈಲಟ್ ಅಲ್ಲಿಗೆ ಹಾರಿದ್ದು 66 ಸಲ. ಪದವಿ ಒಬ್ಬರ ಬಳಿ, ಈ ಗುಡ್ಡದ ಪರಿಚಯ ಇನ್ನೊಬ್ಬರ ಬಳಿ. ಕ್ಯಾಪ್ಟನ್ ಬ್ರೇಕ್ ಹಾಕಿದರು, ಎಂಜಿನ್‌ನ ಬಲವನ್ನು ಹಿಮ್ಮುಖ ಮಾಡಿದರು, ಆಮೇಲೆ ಮನಸ್ಸು ಬದಲಿಸಿ ಮೇಲೇರಲು ನೋಡಿದರು. ಆಗ ಕಾಲ ಮೀರಿತ್ತು. ಮರುಸುತ್ತಿಗೂ ಒಂದು ಹೊತ್ತಿದೆ. ಆ ಹೊತ್ತು ಕಳೆದ ಮೇಲೆ ಅದೂ ಅಪಾಯವೇ.

ಇದನ್ನು ಓದುವಾಗ, ನನ್ನ ಕಸುಬಿನ ಕಾರಣಕ್ಕೇ ಇರಬೇಕು, ಮನಸ್ಸು ಸೀದಾ ಹೋದದ್ದು ಹತ್ತನೇ ಶತಮಾನದ ರನ್ನನ ಬಳಿಗೆ. ಗದಾಯುದ್ಧದಲ್ಲಿ ದುರ್ಯೋಧನನಿಗೆ ಮೂರು ಕಡೆಯಿಂದ ಬುದ್ಧಿಮಾತು ಬರುತ್ತದೆ. ಸಂಜಯ ಹೇಳುತ್ತಾನೆ, ತಂದೆತಾಯಿ ಬಂದು ಹೇಳುತ್ತಾರೆ, ಶರಶಯ್ಯೆಯ ಮೇಲಿನ ಭೀಷ್ಮ ಹೇಳುತ್ತಾನೆ: ಸಾಕು, ಸಂಧಿ ಮಾಡಿಕೋ. ಮೂರಕ್ಕೂ ಅವನದು ಒಂದೇ ಉತ್ತರ. ಸತ್ತ ತಮ್ಮಂದಿರು, ಸತ್ತ ಕರ್ಣ, ಹಿಡಿದ ಹಟ. ಆಗ ಭೀಷ್ಮ ಇನ್ನೊಂದು ದಾರಿ ತೋರುತ್ತಾನೆ. ಸಂಧಿ ಬೇಡವಾದರೆ ಬೇಡ, ಇವತ್ತೊಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಕಳೆ, ನೆರವು ಬರಲಿ, ಆಮೇಲೆ ಯುದ್ಧ ಮಾಡು ಎನ್ನುತ್ತಾನೆ. ದುರ್ಯೋಧನ ಒಲ್ಲದ ಮನಸ್ಸಿನಿಂದ ಕೊಳಕ್ಕೆ ಇಳಿಯುತ್ತಾನೆ. ದಡದಲ್ಲಿ ನಿಂತ ಭೀಮ ಹಂಗಿಸುತ್ತಾನೆ. ಆ ಮಾತನ್ನು ತಾಳಲಾರದೆ ದುರ್ಯೋಧನ ಹೊತ್ತಿಗೆ ಮುಂಚೆಯೇ ಮೇಲೆದ್ದು ಬರುತ್ತಾನೆ, ತೊಡೆ ಮುರಿಸಿಕೊಂಡು ಬೀಳುತ್ತಾನೆ.

ಮೇಲೆದ್ದು ಬರುವ ಈ ಗಳಿಗೆ ಕನ್ನಡ ಕಾವ್ಯದ ದೊಡ್ಡ ಗಳಿಗೆಗಳಲ್ಲಿ ಒಂದು. ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದರೂ ಅಲ್ಲಿಗೆ ಬಂದಾಗ ನನ್ನ ದನಿ ತಾನಾಗಿ ಏರುತ್ತದೆ. ಹುಡುಗರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಛಲಕ್ಕೆ ಯಾರು ಎಂದರೆ ಪಂಪನೂ ತನ್ನ ಕಾವ್ಯದ ಕೊನೆಯಲ್ಲಿ ದುರ್ಯೋಧನನನ್ನೇ ಹೆಸರಿಸುತ್ತಾನೆ. ಬಿ.ಎಂ.ಶ್ರೀ. ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ರಚಿಸಿದಾಗ ಗ್ರೀಕ್ ರುದ್ರನಾಟಕದ ನಾಯಕನನ್ನು ಇವನಲ್ಲಿ ಕಂಡರು. ಅಂದಿನಿಂದ ನಮ್ಮ ತರಗತಿಗಳಲ್ಲಿ ದುರ್ಯೋಧನ ದುರಂತ ನಾಯಕ, ಛಲ ಅವನ ದೋಷವೂ ಹೌದು, ಹಿರಿಮೆಯೂ ಹೌದು. ನಾನೂ ಹಾಗೇ ಪಾಠ ಮಾಡಿದ್ದೇನೆ, ಹಾಗೇ ಅಂಕ ಕೊಟ್ಟಿದ್ದೇನೆ.

ಈ ಹೋಲಿಕೆಯಲ್ಲಿ ಒಂದು ಎಚ್ಚರ ಬೇಕು. ಆ ಕ್ಯಾಪ್ಟನ್‌ರನ್ನು ದುರ್ಯೋಧನ ಎಂದು ಕರೆಯುವುದು ನನ್ನ ಉದ್ದೇಶವಲ್ಲ. ಹಾಗೆ ಕರೆದರೆ ಅದು ಅನ್ಯಾಯ, ಓದಿನ ತಪ್ಪೂ ಹೌದು. ವರದಿ ನೇರ ಕಾರಣವನ್ನು ಹೇಳುತ್ತದೆ: ಹದ ತಪ್ಪಿದ ಇಳಿತವನ್ನು ಕೈಬಿಡದೆ ಮುಂದುವರಿಸಿದ್ದು. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ನಿದ್ದೆ, ಬೆಳಗಿನ ಜಾವದ ದೇಹಸ್ಥಿತಿ, ಕೆಟ್ಟ ರೇಡಾರ್, ತಡವಾದ ಅನುಮತಿ, ಹಿರಿಯ ಕಿರಿಯರ ನಡುವಿನ ಅಂತರ, ಹೀಗೆ ಒಂದೊಂದನ್ನೂ ಎದುರಿಗಿಟ್ಟು ನೋಡುತ್ತದೆ. ಅದನ್ನು ಒಬ್ಬ ಹಟಮಾರಿಯ ಕಥೆಯಾಗಿ ಮಾಡಿಕೊಂಡವರು ಓದುಗರಾದ ನಾವು. ಆ ದಿನಗಳಲ್ಲಿ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ ಈ ಅಪಘಾತದ ಮಾತು ಬಂದಾಗಲೆಲ್ಲ ಕೇಳಿಸುತ್ತಿದ್ದುದು ಒಂದೇ ಪ್ರಶ್ನೆ: ಆ ಮನುಷ್ಯ ಯಾಕೆ ಕೇಳಲಿಲ್ಲ? ಹೇಳಿದವರ ಬಗ್ಗೆ, ಹೇಗೆ ಹೇಳಿದರು, ಇನ್ನು ಹೇಗೆ ಹೇಳಬಹುದಿತ್ತು, ಹೇಳಿದ್ದನ್ನು ಕೇಳುವಂತೆ ಮಾಡಲು ಏನು ಬೇಕಿತ್ತು ಎಂಬುದರ ಬಗ್ಗೆ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ರನ್ನನ ಕಾವ್ಯವನ್ನೂ ನಾವು ಓದುವುದು ಹಾಗೆಯೇ ಅಲ್ಲವೇ? ಸಂಜಯ ಇಡೀ ರಣರಂಗದುದ್ದಕ್ಕೂ ದುರ್ಯೋಧನನ ಜತೆಯಲ್ಲಿ ನಡೆಯುತ್ತಾನೆ. ಹೆಣಗಳ ನಡುವೆ ದಾರಿ ತೋರುತ್ತಾನೆ, ಹೇಳಬೇಕಾದ್ದನ್ನು ಹೇಳುತ್ತಾನೆ. ನಮ್ಮ ಟಿಪ್ಪಣಿಗಳಲ್ಲಿ ಅವನಿಗೆ ಸಿಗುವುದು ಒಂದು ಸಾಲು, ಅದೂ ನಾಯಕನ ಛಲ ಎದ್ದುಕಾಣಲು ಒದಗುವ ಪಾತ್ರವಾಗಿ. ನಮ್ಮ ಕಥೆಗಳಲ್ಲಿ ಎಚ್ಚರಿಸುವವನ ಕೆಲಸ ಎಚ್ಚರಿಸಿ ವಿಫಲನಾಗುವುದು. ಅವನ ಮಾತು ಗೆದ್ದುಬಿಟ್ಟರೆ ಕಥೆಯೇ ಮುಗಿದುಹೋಗುತ್ತದೆ. ವಿಮಾನದ ಕಾಕ್‌ಪಿಟ್‌ನಲ್ಲಿ ಬೇಕಾದದ್ದು ಇದರ ತದ್ವಿರುದ್ಧ. ಅಲ್ಲಿ ಸಂಜಯನ ಮಾತು ಗೆಲ್ಲಬೇಕು, ಕಥೆ ಅಲ್ಲಿಗೇ ಮುಗಿಯಬೇಕು.

ಹಿಂದಿರುಗುವವನಿಗೆ ನಮ್ಮಲ್ಲಿರುವ ಪಾತ್ರ ಯಾವುದು ಎಂದು ಹುಡುಕಿದರೆ ತಕ್ಷಣ ಸಿಗುವವನು ಉತ್ತರಕುಮಾರ. ಕೌರವ ಸೇನೆಯನ್ನು ಕಂಡು ರಥದಿಂದ ಹಾರಿ ಓಡುವ ಅವನನ್ನು ಕುಮಾರವ್ಯಾಸನಿಂದ ಹಿಡಿದು ಯಕ್ಷಗಾನದ ರಂಗಸ್ಥಳದವರೆಗೆ ಎಲ್ಲರೂ ನಗೆಗೆ ಬಳಸಿಕೊಂಡಿದ್ದಾರೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಇವತ್ತಿಗೂ ಚಲಾವಣೆಯಲ್ಲಿದೆ. ನನ್ನ ಪಕ್ಕದ ಸೀಟಿನವರ ಮಾತು, ಹಿಂದಿನ ಸಾಲಿನ ನಗು ಅಲ್ಲಿಂದಲೇ ಬಂದದ್ದು. ಉತ್ತರ ಓಡಿದ್ದು ಭಯದಿಂದ, ನಿರ್ಧಾರದಿಂದಲ್ಲ ಎಂಬುದು ನಿಜ. ಆದರೆ ಈ ಎರಡನ್ನು ಬೇರೆ ಮಾಡಿ ನೋಡಲು ನಮ್ಮ ಕಾವ್ಯ ಎರಡನೆಯ ಪಾತ್ರವನ್ನು ಕಟ್ಟಿಕೊಡಲಿಲ್ಲ. 'ತಾಳಿದವನು ಬಾಳಿಯಾನು' ಎಂಬ ಗಾದೆ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅದು ಅಡುಗೆಮನೆಯಲ್ಲಿ ಅಜ್ಜಿ ಹೇಳುವ ಮಾತಾಗಿ ಉಳಿಯಿತು. ಆಸ್ಥಾನಕ್ಕೆ ಹೋಗಿ ಕಾವ್ಯವಾಗಲಿಲ್ಲ.

ಇದು ಕನ್ನಡದ್ದೊಂದೇ ಕಾಯಿಲೆಯಲ್ಲ. ವಿಮಾನ ಹಾರಾಟದ ಬಗ್ಗೆ ಬಂದ ಅತ್ಯುತ್ತಮ ಕಾದಂಬರಿಗಳಲ್ಲಿ ಒಂದು ಆಂತ್ವಾನ್ ದ ಸಂತ್ ಎಕ್ಸೂಪೆರಿಯ 1931ರ 'ವೋಲ್ ದ ನುಯಿ', ರಾತ್ರಿಯ ಹಾರಾಟ. ಲೇಖಕ ಸ್ವತಃ ಟಪಾಲು ವಿಮಾನಗಳ ಪೈಲಟ್; ದಕ್ಷಿಣ ಅಮೆರಿಕದಲ್ಲಿ ಅದೇ ಕೆಲಸ ಮಾಡಿದವನು. ಪ್ಯಾಟಗೋನಿಯಾ, ಚಿಲಿ, ಪರಾಗ್ವೆಗಳಿಂದ ಮೂರು ವಿಮಾನಗಳು ರಾತ್ರಿ ಬ್ಯೂನಸ್ ಐರಿಸ್‌ಗೆ ಟಪಾಲು ತರಬೇಕು. ಅಲ್ಲಿ ಕೂತಿರುವ ಮುಖ್ಯಸ್ಥ ರಿವಿಯೇರ್. ಬಿರುಗಾಳಿಯಲ್ಲಿ ಸಿಕ್ಕಿ ದಾರಿ ತಪ್ಪುವ ಪೈಲಟ್ ಫಾಬಿಯೆನ್. ಮುಂದೆ ಬಿರುಗಾಳಿ, ಹಿಂದಿನ ದಾರಿಯೂ ಮುಚ್ಚಿಹೋಗುತ್ತದೆ, ಇಂಧನ ತೀರುತ್ತ ಬರುತ್ತದೆ. ಕೊನೆಗೆ ಅವನು ಮೋಡಗಳ ಮೇಲಕ್ಕೆ, ನಕ್ಷತ್ರಗಳ ಬೆಳಕಿಗೆ ಏರಿ ಹೋಗುವ ಪುಟಗಳು ಎಷ್ಟು ಸುಂದರವಾಗಿವೆಯೆಂದರೆ, ಅವನಿಗೆ ಇಳಿಯಲು ಎಲ್ಲೂ ನೆಲವಿಲ್ಲ ಎಂಬುದನ್ನು ಓದುಗ ಒಂದು ಕ್ಷಣ ಮರೆಯುತ್ತಾನೆ.

ಆ ಸೌಂದರ್ಯವನ್ನು ನಾನು ಅಲ್ಲಗಳೆಯಲಾರೆ. ಆದರೆ ಎರಡನೆಯ ಓದಿನಲ್ಲಿ ನನ್ನನ್ನು ತಡೆದದ್ದು ಒಂದು ಸಣ್ಣ ವಿವರ. ರಿವಿಯೇರ್‌ನ ಕಚೇರಿಯ ನಿಯಮದಂತೆ ವಿಮಾನ ತಡವಾಗಿ ಹೊರಟರೆ ಪೈಲಟ್‌ನ ಭತ್ಯೆ ಕಡಿತ. ಮಂಜು ಕವಿದು ತಡವಾದರೂ ಕಡಿತವೇ. ಇದು ಅನ್ಯಾಯ ಎಂದು ರಿವಿಯೇರ್‌ಗೂ ಗೊತ್ತು. ಆದರೆ ಹೀಗೆ ಮಾಡಿದರೆ ಹವಾಮಾನ ತಿಳಿಯಾದೊಡನೆ ಹೊರಡುವ ತವಕ ಎಲ್ಲರಲ್ಲಿ ಹುಟ್ಟುತ್ತದೆ ಎಂಬುದು ಅವನ ಲೆಕ್ಕ. ಕಾದಂಬರಿ ಇದನ್ನು ನಾಯಕತ್ವದ ಕಠಿಣ ಹಿರಿಮೆಯಾಗಿ ಕಾಣಿಸುತ್ತದೆ. ಆಂದ್ರೆ ಜೀದ್ ಮುನ್ನುಡಿ ಬರೆದು ಕರ್ತವ್ಯದ ಈ ತತ್ವವನ್ನು ಮೆಚ್ಚಿಕೊಂಡ. ನನಗೆ ಅಲ್ಲಿ ಕಾಣುವುದು ಕಾಯುವುದನ್ನು ದಂಡಾರ್ಹ ಮಾಡುವ ಒಂದು ವ್ಯವಸ್ಥೆ. ಫಾಬಿಯೆನ್ ಕಳೆದುಹೋದ ಮೇಲೂ ಯುರೋಪಿನ ಟಪಾಲು ಹೊರಡುತ್ತದೆ. ಕಾದಂಬರಿ ಮುಗಿಯುವುದೇ ರಿವಿಯೇರ್‌ನ ಆ ಭಾರವಾದ ಗೆಲುವಿನಲ್ಲಿ. ಆ ರಾತ್ರಿ ಪರಾಗ್ವೆಯ ವಿಮಾನ ಏನೂ ಆಗದೆ ಇಳಿದದ್ದು ಕಾದಂಬರಿಯಲ್ಲಿ ಕೆಲವೇ ಸಾಲುಗಳ ಸಂಗತಿ. ಏನೂ ಆಗದಿರುವುದರಲ್ಲಿ ಸಂತ್ ಎಕ್ಸೂಪೆರಿಯಂಥ ಪೈಲಟ್‌ಗೂ ಕಥೆ ಕಾಣಲಿಲ್ಲ.

ಸಿನಿಮಾಗಳಿಗೆ ಬಂದರೆ ಇದು ಇನ್ನೂ ನಿಚ್ಚಳ. 2009ರ ಜನವರಿಯಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಬಗ್ಗೆ 2016ರಲ್ಲಿ ಬಂದದ್ದು ಕ್ಲಿಂಟ್ ಈಸ್ಟ್‌ವುಡ್‌ನ 'ಸಲಿ'. ನೀರಿಗಿಳಿಯುವುದು ಕೆಲವೇ ನಿಮಿಷದ ಘಟನೆ. ಉಳಿದ ಹೊತ್ತಿಗೆ ಒಬ್ಬ ಎದುರಾಳಿ ಬೇಕು. ಸಿನಿಮಾ ತನಿಖಾಧಿಕಾರಿಗಳನ್ನೇ ಎದುರಾಳಿ ಮಾಡಿತು. ನಿಜವಾದ ತನಿಖೆ ಹಾಗೆ ನಡೆಯಲಿಲ್ಲ ಎಂದು ಅದರಲ್ಲಿದ್ದವರು ಆಕ್ಷೇಪಿಸಿದರು. 2022ರ ಹಿಂದಿಯ 'ರನ್‌ವೇ 34' ಕೂಡ ಅದೇ ಅಚ್ಚು. ಬಿರುಗಾಳಿ, ಮುಗಿಯುತ್ತಿರುವ ಇಂಧನ, ಸ್ವಂತ ಬುದ್ಧಿಯನ್ನೇ ನಂಬಿದ ಪೈಲಟ್ ಮೊದಲರ್ಧದಲ್ಲಿ. ಅವನನ್ನು ಪ್ರಶ್ನೆಗಳಿಂದ ಕುಕ್ಕುವ ವಿಚಾರಣೆ ಉತ್ತರಾರ್ಧದಲ್ಲಿ. ಪಕ್ಕದ ಸೀಟಿನ ಸಹ ಪೈಲಟ್ ಅಂಜುತ್ತಾರೆ, ಕ್ಯಾಪ್ಟನ್ ಅಂಜುವುದಿಲ್ಲ. ಪ್ರೇಕ್ಷಕರಾದ ನಾವು ಯಾರ ಕಡೆ ನಿಲ್ಲಬೇಕೆಂಬುದನ್ನು ಕ್ಯಾಮೆರಾ ಮೊದಲೇ ತೀರ್ಮಾನಿಸಿರುತ್ತದೆ.

ಆದರೆ ಈ ಸಿನಿಮಾದ ಹಿಂದಿರುವ ನಿಜ ಘಟನೆ ನನ್ನ ವಾದಕ್ಕೇ ಒಂದು ತೊಡಕು ತರುತ್ತದೆ. ಅದನ್ನು ಮುಚ್ಚಿಡಬಾರದು. 2015ರ ಆಗಸ್ಟ್‌ನಲ್ಲಿ ದೋಹಾದಿಂದ ಕೊಚ್ಚಿಗೆ ಬಂದ ಆ ವಿಮಾನ ಇಳಿಯಲಾಗದೆ ಹಲವು ಬಾರಿ ಮರುಸುತ್ತು ಹಾಕಿತು. ಆಮೇಲೆ ತಿರುವನಂತಪುರಕ್ಕೆ ಹೋಗಿ, ಅಲ್ಲೂ ಸುತ್ತಿ, ಇಂಧನ ಬರಿದಾಗುವ ಹೊತ್ತಿಗೆ ಇಳಿಯಿತು. ಅಂದರೆ ಮರುಸುತ್ತೇ ಸದ್ಗುಣವಲ್ಲ. ಒಂದೇ ಬಾಗಿಲನ್ನು ಮತ್ತೆ ಮತ್ತೆ ತಟ್ಟುತ್ತ ಕೂರುವುದೂ ಛಲದ ಇನ್ನೊಂದು ರೂಪವೇ. ಬಿಡುವುದನ್ನು ಯಾವಾಗ ಬಿಡಬೇಕೋ ಆಗ ಬಿಡುವುದು, ಬೇರೆ ಊರಿಗೆ ಹೋಗುವಷ್ಟು ಇಂಧನ ಇರುವಾಗಲೇ ಹೋಗುವುದು, ಇದು ಒಂದು ಗಳಿಗೆಯ ಶೌರ್ಯವಲ್ಲ. ಉದ್ದಕ್ಕೂ ನಡೆಯುವ ಲೆಕ್ಕ. ಶೌರ್ಯವನ್ನು ಚಿತ್ರಿಸುವುದು ಸುಲಭ, ಲೆಕ್ಕವನ್ನು ಚಿತ್ರಿಸುವುದು ಕಷ್ಟ.

ಈ ಲೆಕ್ಕ ಹೆಚ್ಚು ಗಟ್ಟಿಯಾಗಿ ಕಾಣುವುದು ನೇಪಾಳದ ಲುಕ್ಲಾದಲ್ಲಿ. ಎವರೆಸ್ಟ್ ದಾರಿಯ ಈ ನಿಲ್ದಾಣದ ರನ್‌ವೇ 527 ಮೀಟರ್; ಬಜ್ಪೆಯದರ ಕಾಲುಭಾಗಕ್ಕಿಂತ ಕಡಿಮೆ. ಅದೂ ಮಟ್ಟಸವಿಲ್ಲ, ಏರುಮುಖ. ಒಂದು ತುದಿಯಲ್ಲಿ ಕಣಿವೆ, ಇನ್ನೊಂದು ತುದಿಯಲ್ಲಿ ಬೆಟ್ಟ. 1960ರ ದಶಕದಲ್ಲಿ ಎಡ್ಮಂಡ್ ಹಿಲರಿ ಅದನ್ನು ಕಟ್ಟಿಸಿದಾಗ ಮಣ್ಣು ಮೆತ್ತಗಿತ್ತು. ಶೆರ್ಪಾಗಳಿಗೆ ಸ್ಥಳೀಯ ಹೆಂಡ ಕೊಡಿಸಿ, ಅವರ ಕಾಲು ಬಡಿಯುವ ಕುಣಿತ ಕುಣಿಸಿ ನೆಲ ಗಟ್ಟಿ ಮಾಡಿಸಿದೆ ಎಂದು ಹಿಲರಿಯೇ ಹೇಳಿಕೊಂಡದ್ದಿದೆ. ಓದುವವರಿಗೆ ಬಹಳ ಇಷ್ಟವಾಗುವ ಕಥೆ ಇದು. ಅದೇ ಹಿಲರಿಯ ಹೆಂಡತಿ ಮತ್ತು ಮಗಳು 1975ರಲ್ಲಿ ಕಠ್ಮಂಡುವಿನಿಂದ ಮೇಲೆದ್ದ ಸಣ್ಣ ವಿಮಾನ ಬಿದ್ದು ತೀರಿಕೊಂಡರು. ಅವರು ಹೊರಟಿದ್ದುದು ಹಿಲರಿ ಆಸ್ಪತ್ರೆ ಕಟ್ಟಿಸುತ್ತಿದ್ದ ಊರಿಗೆ. ಕುಣಿತದ ಕಥೆಯ ಪಕ್ಕಕ್ಕೆ ಇದನ್ನೂ ಇಟ್ಟು ಓದಬೇಕು.

ಲುಕ್ಲಾದಲ್ಲಿ ಕೊನೆಯ ಹಂತಕ್ಕೆ ಬಂದ ಮೇಲೆ ಮರುಸುತ್ತಿಗೆ ಜಾಗವಿಲ್ಲ, ಎದುರಿಗೆ ಬೆಟ್ಟ. ಹಾಗಾಗಿ ಹಿಂದಿರುಗುವ ನಿರ್ಧಾರ ಬಹಳ ಮುಂಚೆ ಆಗಬೇಕು. ಎಷ್ಟೋ ಸಲ ನೆಲದ ಮೇಲೆಯೇ ಆಗಬೇಕು. ಬೆಳಗಿನ ಹೊತ್ತು ಗಾಳಿ ಶಾಂತವಾಗಿರುವಾಗ ವಿಮಾನಗಳು ಹೋಗಿಬರುತ್ತವೆ. ಮೋಡ ಮುಚ್ಚಿದರೆ ಎಲ್ಲವೂ ನಿಲ್ಲುತ್ತದೆ. ಜನ ಚಾರಣದ ಚೀಲವನ್ನು ತಲೆಯಡಿಗೆ ಇಟ್ಟುಕೊಂಡು ಒಂದು ದಿನ, ಎರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಕಾಯುತ್ತಾರೆ. 'ಜಗತ್ತಿನ ಅತಿ ಅಪಾಯಕಾರಿ ವಿಮಾನ ನಿಲ್ದಾಣ' ಎಂಬ ಶೀರ್ಷಿಕೆಯ ವಿಡಿಯೊಗಳಲ್ಲಿ ಈ ಕಾಯುವವರು ಇರುವುದಿಲ್ಲ. ಅಲ್ಲಿರುವುದು ಇಳಿಯುವ ಮೂವತ್ತು ಸೆಕೆಂಡು. ಆದರೆ ಲುಕ್ಲಾ ನಡೆಯುತ್ತಿರುವುದು ಆ ಕಾಯುವಿಕೆಯ ಬಲದಿಂದ. ರನ್ನನ ಸರೋವರ ನನಗೆ ಮತ್ತೆ ನೆನಪಾಗುವುದು ಇಲ್ಲೇ. ಭೀಷ್ಮ ಹೇಳಿದ್ದು ಓಡಿಹೋಗು ಎಂದಲ್ಲ, ಒಂದು ದಿನ ತಾಳು ಎಂದು.

ಮಂಗಳೂರಿನ ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ಮಳೆಯ ಸಂಜೆ, ಕೊರೊನಾ ಕಾಲದಲ್ಲಿ ದುಬೈಯಿಂದ ಜನರನ್ನು ಊರಿಗೆ ಕರೆತರುತ್ತಿದ್ದ ವಿಮಾನ ಕೋಯಿಕ್ಕೋಡಿನ ರನ್‌ವೇ ದಾಟಿ ಕೆಳಗೆ ಬಿತ್ತು. ಅದೂ ಗುಡ್ಡದ ಮೇಲಿನ ಟೇಬಲ್‌ಟಾಪ್. 190 ಜನರಲ್ಲಿ 21 ಮಂದಿ, ಇಬ್ಬರು ಪೈಲಟ್‌ಗಳೂ ಸೇರಿ, ಸತ್ತರು. ಮೊದಲ ಪ್ರಯತ್ನವನ್ನು ಕೈಬಿಟ್ಟು ಮೇಲೇರಿ, ಎರಡನೆಯ ಸಲ ಎದುರು ದಿಕ್ಕಿನಿಂದ, ಬೆನ್ನಿಗೆ ಗಾಳಿ ಬೀಸುತ್ತಿರುವಾಗ ಇಳಿದಿದ್ದರು. ರನ್‌ವೇಯ ಸುಮಾರು ಅರ್ಧ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಅದರ ತನಿಖಾ ವರದಿಯಲ್ಲೂ ಆ ದನಿ ಇದೆ: ಪಕ್ಕದ ಸೀಟಿನಿಂದ ಮರುಸುತ್ತಿನ ಕರೆ ಬಂದಿತ್ತು. ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ. ಒಂದೇ ಕಾವ್ಯದ ಎರಡು ಪಾಠಾಂತರಗಳಂತೆ ಕಾಣುತ್ತವೆ. ವ್ಯತ್ಯಾಸವೆಂದರೆ, ಕಾವ್ಯದಲ್ಲಿ ಬೀಳುವವನು ನಾಯಕನೊಬ್ಬನೇ. ಇಲ್ಲಿ ಅವನ ಹಿಂದೆ ಸಾಲಾಗಿ ಕೂತವರು, ಸೀಟಿನ ಮೇಲೆ ಹಸುಗೂಸು ಮಲಗಿಸಿಕೊಂಡವರು, ರಜೆಗೆ ಬರುತ್ತಿದ್ದವರು, ಯಾರ ಛಲದ ಜತೆಗೂ ಯಾವ ಸಂಬಂಧವೂ ಇಲ್ಲದವರು ಇದ್ದರು.

ಹಾಗಾದರೆ ಗದಾಯುದ್ಧವನ್ನು ಪಾಠ ಮಾಡುವುದು ಬಿಡಬೇಕೇ? ಖಂಡಿತ ಇಲ್ಲ. ಕಾವ್ಯ ಕೈಪಿಡಿಯಲ್ಲ, ರನ್ನ ಪೈಲಟ್‌ಗಳಿಗಾಗಿ ಬರೆಯಲಿಲ್ಲ. ದುರ್ಯೋಧನ ಸರೋವರದಿಂದ ಎದ್ದು ಬರದಿದ್ದರೆ ನಮಗೆ ಆ ಕಾವ್ಯವೇ ಇರುತ್ತಿರಲಿಲ್ಲ, ಆ ನಷ್ಟ ಸಣ್ಣದಲ್ಲ. ನನ್ನ ತಕರಾರು ಕಾವ್ಯದ ಮೇಲಲ್ಲ, ಅದನ್ನು ಓದಿಸುವ ನಮ್ಮ ರೂಢಿಯ ಮೇಲೆ. ಛಲವನ್ನು ಮೆಚ್ಚಲು ಕಲಿಸಿದ ನಾವು, ಅದರ ಪಕ್ಕದಲ್ಲೇ ನಡೆಯುತ್ತಿರುವವನ ಮಾತನ್ನು ಕೇಳಲು ಕಲಿಸಲಿಲ್ಲ. ಸಂಜಯನ ಮಾತನ್ನು ಕಥೆಯ ಓಟಕ್ಕೆ ಅಡ್ಡಿಯೆಂಬಂತೆ ಬೇಗ ದಾಟಿಸಿಬಿಟ್ಟೆವು. ದುರಂತ ನಾಯಕನ ದೋಷವೇ ಅವನ ಹಿರಿಮೆ ಎಂಬ ಸೂತ್ರ ಪರೀಕ್ಷೆಯಲ್ಲಿ ಅಂಕ ತರುತ್ತದೆ. ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ನಾನು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿರಲಿಲ್ಲ.

ಕಳೆದ ವರ್ಷ ಆ ಭಾಗಕ್ಕೆ ಬಂದಾಗ ಪಾಠದ ಕ್ರಮವನ್ನು ಸ್ವಲ್ಪ ಬದಲಿಸಿದೆ. ಸಂಜಯನ ಮಾತುಗಳನ್ನು ಮಾತ್ರ ಆರಿಸಿ, ನಡುವೆ ದುರ್ಯೋಧನನ ಉತ್ತರಗಳನ್ನು ಬಿಟ್ಟು, ಒಬ್ಬ ವಿದ್ಯಾರ್ಥಿನಿಯಿಂದ ಓದಿಸಿದೆ. ಉತ್ತರವಿಲ್ಲದೆ ಒಂದರ ಮೇಲೊಂದು ಬರುವ ಆ ಮಾತುಗಳಿಗೆ ಬೇರೆಯೇ ಒಂದು ಲಯವಿತ್ತು. ಓದು ಮುಗಿದ ಮೇಲೆ ಆ ಹುಡುಗಿ ಕೇಳಿದಳು, "ಸಾರ್, ಇವನು ಇಷ್ಟು ವಿನಯದಿಂದ ಯಾಕೆ ಹೇಳ್ತಾನೆ? ಕೈ ಹಿಡಿದು ಎಳೆಯಬಹುದಿತ್ತಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ಅವನು ಸೂತ, ಅರಸನ ಕೈ ಹಿಡಿಯುವ ಅಧಿಕಾರ ಅವನಿಗಿಲ್ಲ ಎಂದೆ. ಹೇಳಿದ ಮೇಲೆ ಅದು ಉತ್ತರವಲ್ಲ, ಅದೇ ಸಮಸ್ಯೆ ಎಂದು ನನಗೂ ಹೊಳೆಯಿತು, ಅವಳಿಗೂ. ಮುಂದಿನ ವಾರದ ಪ್ರಬಂಧಕ್ಕೆ ಅದನ್ನೇ ವಿಷಯವಾಗಿ ಕೊಟ್ಟಿದ್ದೇನೆ.